ಲಾಡ್ಜ್ ಕೊಳ್ಳುವ ಮುಂಚೆ ಕೆಟ್ಟ ವರ್ಷದ ಲೆಕ್ಕ ಹಾಕಿ: ಹೋಟೆಲ್ ಕಟ್ಟಡದಲ್ಲಿ ಹಣ ಹೂಡುವವರಿಗೆ ಸಮಗ್ರ ಮಾರ್ಗದರ್ಶಿ

2020ರ ಜೂನ್ 8ರಿಂದ ಲಾಡ್ಜ್‌ಗಳನ್ನು ತೆರೆಯಬಹುದು ಎಂದು ಸರ್ಕಾರ ಹೇಳಿತು. ಅದಕ್ಕೆ ಎರಡು ದಿನ ಮುಂಚೆ ಮೈಸೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಲಾಡ್ಜ್‌ಗೆ ಹೋಗಿದ್ದೆ. ಎರಡೂವರೆ ತಿಂಗಳು ಮುಚ್ಚಿದ್ದ ರೂಮುಗಳು. ಮೊದಲ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಹಾಸಿಗೆ ಎತ್ತಿ ನೋಡಿದರೆ ಅಡಿಯಲ್ಲಿ ಬೂಷ್ಟು. ಎರಡು ಎಸಿಗಳ ವೈರನ್ನು ಇಲಿ ಕಡಿದಿತ್ತು. ಒಬ್ಬ ಗಿರಾಕಿಯೂ ಬರದೆ ಕಟ್ಟಡ ತನ್ನ ಪಾಡಿಗೆ ಹಣ ತಿನ್ನುತ್ತಿತ್ತು.

ಚಿಕ್ಕಪ್ಪನಿಗೆ ಸಾಲ ಇರಲಿಲ್ಲ. ಹಾಸಿಗೆ ಬಿಸಿಲಿಗೆ ಹಾಕಿಸಿ, ವೈರ್ ಬದಲಾಯಿಸಿ, ಕಾದರು. ಅದೇ ರಸ್ತೆಯ ಇನ್ನೊಂದು ಲಾಡ್ಜ್ ಇದಕ್ಕಿಂತ ಚೆನ್ನಾಗಿತ್ತು, ಹೊಸದಾಗಿತ್ತು, ಲಿಫ್ಟ್ ಇತ್ತು. ಅದರ ಮೇಲೆ ದೊಡ್ಡ ಸಾಲವೂ ಇತ್ತು. ಮರುವರ್ಷವೇ ಅದು ಕೈ ಬದಲಾಯಿತು. ಕೊಂಡವರು 2022ರ ದಸರಾದಲ್ಲಿ ರೂಮ್ ಇಲ್ಲ ಎಂದು ಗಿರಾಕಿಗಳನ್ನು ವಾಪಸ್ ಕಳಿಸುತ್ತಿದ್ದರು.

ಕಟ್ಟಡ ಅದೇ, ರಸ್ತೆ ಅದೇ. ಒಬ್ಬರು ಕಳೆದುಕೊಂಡರು, ಇನ್ನೊಬ್ಬರು ಗಳಿಸಿದರು. ಈ ವ್ಯವಹಾರ ಅರ್ಥವಾಗಬೇಕಾದರೆ ಆ ವ್ಯತ್ಯಾಸ ಅರ್ಥವಾಗಬೇಕು. ನಮ್ಮಲ್ಲಿ ಹೋಟೆಲ್ ಅಂದರೆ ಇಡ್ಲಿ-ಕಾಫಿಯ ನೆನಪಾಗುತ್ತದೆ, ಅಲ್ವಾ? ನಾನಿಲ್ಲಿ ಹೇಳುತ್ತಿರುವುದು ಉಳಿದುಕೊಳ್ಳುವ ಹೋಟೆಲ್, ಲಾಡ್ಜ್, ರೆಸಾರ್ಟ್‌ಗಳ ಬಗ್ಗೆ.

ಹಂತ 1: ಇದು ಬಾಡಿಗೆ ಮನೆಯಂತಲ್ಲ ಎಂದು ಮನಸ್ಸಿಗೆ ಹಾಕಿಕೊಳ್ಳಿ

ಅಂಗಡಿ ಮಳಿಗೆ ಬಾಡಿಗೆಗೆ ಕೊಟ್ಟರೆ ಮೂರೋ ಐದೋ ವರ್ಷದ ಕರಾರು ಇರುತ್ತದೆ. ಲಾಡ್ಜ್ ರೂಮಿನ ಕರಾರು ಒಂದೇ ರಾತ್ರಿಯದು. ಇವತ್ತು ಖಾಲಿ ಉಳಿದ ರೂಮನ್ನು ನಾಳೆ ಮಾರಲು ಆಗುವುದಿಲ್ಲ. ಊರಿಗೆ ಜನ ಬರುವುದು ನಿಂತರೆ ಆದಾಯ ಆ ವಾರವೇ ನಿಲ್ಲುತ್ತದೆ. ಜನ ವಾಪಸ್ ಬಂದರೆ ಆ ವಾರವೇ ದರ ಏರಿಸಬಹುದು. ಬೇರೆ ಕಟ್ಟಡಗಳಿಗಿಂತ ಮುಂಚೆ ಬೀಳುವುದೂ ಇದೇ, ಮುಂಚೆ ಏಳುವುದೂ ಇದೇ.

ಏರಿಳಿತಕ್ಕೆ ಇನ್ನೊಂದು ಕಾರಣವಿದೆ. ದೊಡ್ಡ ಹೋಟೆಲ್ ಕಟ್ಟಲು ನಾಲ್ಕೈದು ವರ್ಷ ಬೇಕು. ಒಳ್ಳೆಯ ಕಾಲದಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡುತ್ತಾರೆ, ಕೆಟ್ಟ ಕಾಲದಲ್ಲಿ ಎಲ್ಲವೂ ಒಟ್ಟಿಗೆ ಬಾಗಿಲು ತೆರೆಯುತ್ತವೆ. 2005-06ರ ಸುಮಾರಿಗೆ ಐಟಿ ಕೆಲಸಕ್ಕೆ ಬರುವವರಿಂದ ಬೆಂಗಳೂರಿನ ದೊಡ್ಡ ಹೋಟೆಲ್‌ಗಳಲ್ಲಿ ರೂಮ್ ಸಿಗುವುದೇ ಕಷ್ಟವಾಗಿತ್ತು. ಆ ದರ ನೋಡಿ ತುಂಬ ಜನ ಅಡಿಪಾಯ ಹಾಕಿದರು. 2008ರಲ್ಲಿ ಜಗತ್ತಿನ ಹಣಕಾಸು ಬಿಕ್ಕಟ್ಟು ಬಂತು. ನವೆಂಬರ್‌ನಲ್ಲಿ ಮುಂಬೈ ದಾಳಿ ಆಯಿತು. ಅಂದುಕೊಂಡಿದ್ದ ದರಕ್ಕೆ ಹೊಸ ರೂಮುಗಳು ಹೋಗಲಿಲ್ಲ. ಅದೇ ರೀತಿ, ಕೆಟ್ಟ ವರ್ಷಗಳಲ್ಲಿ ಯಾರೂ ಹೊಸದು ಕಟ್ಟುವುದಿಲ್ಲ. ಹಾಗಾಗಿ ಜನ ವಾಪಸ್ ಬಂದಾಗ ಇರುವ ರೂಮುಗಳಿಗೇ ನೂಕುನುಗ್ಗಲು.

ಹಂತ 2: ಊರನ್ನು ಓದಿ

ಕಟ್ಟಡ ನೋಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಊರಿನಲ್ಲಿ ಜನ ರಾತ್ರಿ ಯಾಕೆ ಉಳಿಯುತ್ತಾರೆ? ದೇವಸ್ಥಾನ, ಆಸ್ಪತ್ರೆ, ಕೋರ್ಟು, ಮದುವೆ, ಕಂಪನಿ ಕೆಲಸ, ಪ್ರವಾಸ, ಪರೀಕ್ಷೆ. ಕಾರಣ ಒಂದೇ ಇದ್ದರೆ ಅಪಾಯ ಜಾಸ್ತಿ. ಮೂರ್ನಾಲ್ಕು ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ಹಿಡಿದುಕೊಳ್ಳುತ್ತದೆ.

ಕಾರಣಗಳು ಬದಲಾಗುತ್ತಲೂ ಇರುತ್ತವೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನಗಳು ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದವು. ‘ಏರ್‌ಪೋರ್ಟ್ ಹತ್ತಿರ’ ಎನ್ನುವುದೇ ಬಂಡವಾಳವಾಗಿದ್ದ ಹೋಟೆಲ್‌ಗಳು ಬೇರೆ ಗಿರಾಕಿ ಹುಡುಕಬೇಕಾಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆಯಿತು. ಬೆಳಿಗ್ಗೆ ಬಂದು ಅರಮನೆ, ಬೆಟ್ಟ ನೋಡಿ ರಾತ್ರಿ ಊಟಕ್ಕೆ ಮನೆ ಸೇರುವವರು ಈಗ ಜಾಸ್ತಿ ಎಂದು ಚಿಕ್ಕಪ್ಪ ಹೇಳುತ್ತಾರೆ. ರಸ್ತೆ ಚೆನ್ನಾಗಾದರೆ ಲಾಡ್ಜ್‌ಗೆ ಒಳ್ಳೆಯದೇ ಎಂದು ಸುಮ್ನೆ ನಂಬಬೇಡಿ. ಕೊಡಗಿನಲ್ಲಿ 2018ರ ಆಗಸ್ಟ್‌ನ ಮಳೆ ಮತ್ತು ಭೂಕುಸಿತ ಆ ವರ್ಷದ ಪ್ರವಾಸವನ್ನೇ ಮುಳುಗಿಸಿತು. ಮಳೆಗಾಲವೇ ಗಿರಾಕಿ ತರುವ ಊರಿಗೆ ಮಳೆಯೇ ಶತ್ರುವೂ ಹೌದು.

ಧರ್ಮಸ್ಥಳ, ಕುಕ್ಕೆಯಂಥ ಕಡೆ ಭಕ್ತರ ಸಂಖ್ಯೆ ನೋಡಿ ಮರುಳಾಗಬೇಡಿ. ಕ್ಷೇತ್ರದ ವಸತಿ ಗೃಹದ ಕಡಿಮೆ ದರ ನಿಮಗೆ ಎದುರಾಳಿ.

ಊರಿಗೆ ಮೂರು ಸಲ ಹೋಗಿ: ಸೀಸನ್‌ನ ಶನಿವಾರ, ಮಳೆಗಾಲದ ಮಂಗಳವಾರ, ಪರೀಕ್ಷೆ ಸಮಯದ ಮಾರ್ಚ್. ರಾತ್ರಿ ಹತ್ತು ಗಂಟೆಗೆ ಎದುರು ಬದಿಯಲ್ಲಿ ನಿಂತು ದೀಪ ಉರಿಯುವ ಕಿಟಕಿಗಳನ್ನು ಎಣಿಸಿ. ಇನ್ನೂ ನಾಲ್ಕು ಲಾಡ್ಜ್‌ಗಳಲ್ಲಿ ಹೀಗೇ ಎಣಿಸಿ. ನಗರಸಭೆಯಲ್ಲಿ ಹೊಸ ಹೋಟೆಲ್‌ಗಳ ನಕ್ಷೆ ಎಷ್ಟು ಮಂಜೂರಾಗಿವೆ ಎಂದು ವಿಚಾರಿಸಿ.

ಹಂತ 3: ಮಾರುವವರ ಲೆಕ್ಕವನ್ನು ಧೋಬಿಯ ಲೆಕ್ಕದ ಜೊತೆ ಇಟ್ಟು ನೋಡಿ

ಮೂರು ಸಂಖ್ಯೆ ಗೊತ್ತಿರಬೇಕು. ನೂರು ರೂಮಿನಲ್ಲಿ ಎಷ್ಟು ತುಂಬಿದವು ಎನ್ನುವುದು ಆಕ್ಯುಪೆನ್ಸಿ. ತುಂಬಿದ ರೂಮಿಗೆ ಸರಾಸರಿ ಎಷ್ಟು ಸಿಕ್ಕಿತು ಎನ್ನುವುದು ಸರಾಸರಿ ದರ. ಎರಡನ್ನೂ ಗುಣಿಸಿದರೆ ಇರುವ ಪ್ರತಿ ರೂಮಿಗೆ ಬಿದ್ದ ಆದಾಯ ಸಿಗುತ್ತದೆ. ಇದನ್ನೇ ವ್ಯವಹಾರದಲ್ಲಿ ರೆವ್‌ಪಾರ್ ಅನ್ನುತ್ತಾರೆ. 60% ತುಂಬಿ ಸರಾಸರಿ 1,500 ರೂಪಾಯಿ ಸಿಕ್ಕಿದರೆ ರೆವ್‌ಪಾರ್ 900 ರೂಪಾಯಿ. ಗೋಡೆ ಮೇಲೆ ನೇತು ಹಾಕಿದ ದರಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ಮಾರುವವರು ಯಾವಾಗಲೂ ಒಳ್ಳೆಯ ವರ್ಷವನ್ನೇ ತೋರಿಸುತ್ತಾರೆ. ಒಮ್ಮೆ ಪರಿಚಯದವರಿಗಾಗಿ ಒಂದು ಲಾಡ್ಜ್ ನೋಡಲು ಹೋಗಿದ್ದೆ. ರಿಸೆಪ್ಷನ್‌ನಲ್ಲಿ ದಪ್ಪ ಲೆಡ್ಜರ್ ಬಿಡಿಸಿಟ್ಟರು. ದಿನಕ್ಕೆ ಹದಿನೆಂಟು, ಹತ್ತೊಂಬತ್ತು ರೂಮ್ ಹೋದಂತೆ ನೀಲಿ ಇಂಕಿನಲ್ಲಿ ಬರೆದಿತ್ತು. ಹಿಂದುಗಡೆ ಬಟ್ಟೆ ಗಂಟು ಕಟ್ಟುತ್ತಿದ್ದ ಧೋಬಿಯನ್ನು ಮಾತಾಡಿಸಿದೆ. ‘ದಿನಾ ಎಷ್ಟು ಬೆಡ್‌ಶೀಟ್ ಬರುತ್ತೆ ಅಣ್ಣಾ?’ ಎಂದೆ. ‘ಇಪ್ಪತ್ತು ಬಂದ್ರೆ ಜಾಸ್ತಿ ಸ್ವಾಮಿ’ ಎಂದರು. ರೂಮಿಗೆ ಎರಡು ಶೀಟು. ಅಂದರೆ ಹತ್ತು ರೂಮು. ಅವರ ಚಿಕ್ಕ ನೋಟ್‌ಬುಕ್‌ನಲ್ಲಿ ಆರು ತಿಂಗಳ ಎಣಿಕೆ ಪೆನ್ಸಿಲ್‌ನಲ್ಲಿ ಸಾಲಾಗಿ ಇತ್ತು. ಲೆಡ್ಜರ್‌ಗಿಂತ ಆ ನೋಟ್‌ಬುಕ್ ಸತ್ಯ ಹೇಳುತ್ತಿತ್ತು.

ಹಾಗಾಗಿ ಇವಿಷ್ಟನ್ನು ಕೇಳಿ ಪಡೆಯಿರಿ: ಮೂರು ವರ್ಷದ ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಕರೆಂಟ್ ಬಿಲ್, ಲಾಂಡ್ರಿ ಬಿಲ್, ಬುಕಿಂಗ್ ಆ್ಯಪ್‌ಗಳ ತಿಂಗಳ ಲೆಕ್ಕ. ಒಂದು ಸುಳ್ಳು ಹೇಳಿದರೂ ಐದೂ ಒಟ್ಟಿಗೆ ಸುಳ್ಳು ಹೇಳುವುದು ಕಷ್ಟ. ‘ಕ್ಯಾಶ್ ವ್ಯಾಪಾರ ಬೇರೆ ಇದೆ’ ಎಂದರೆ ಆ ಹಣಕ್ಕೆ ಬೆಲೆ ಕೊಡಬೇಡಿ. ಕಾಗದದಲ್ಲಿ ಇಲ್ಲದ್ದು ನಿಮಗೂ ಇಲ್ಲ.

ಕರ್ನಾಟಕದಲ್ಲಿ ಇನ್ನೊಂದು ವಿಷಯ ಗಮನಿಸಲೇಬೇಕು. ಎಷ್ಟೋ ಲಾಡ್ಜ್‌ಗಳು ಹುಟ್ಟಿದ್ದು ಸಿಎಲ್-7 ಲೈಸೆನ್ಸ್‌ಗಾಗಿ. ಆ ಮದ್ಯದ ಲೈಸೆನ್ಸ್ ಸಿಗಲು ರೂಮುಗಳಿರಬೇಕು. ಅಲ್ಲಿ ನಿಜವಾದ ಆದಾಯ ಕೆಳಗಿನ ಬಾರಿನದು. ಕಟ್ಟಡ ನಿಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಲೈಸೆನ್ಸ್ ನಿಮ್ಮ ಹೆಸರಿಗೆ ಬರುವುದಿಲ್ಲ, ಅಬಕಾರಿ ಇಲಾಖೆಯ ಅನುಮತಿ ಬೇಕು. ಬಾರಿನ ಲೆಕ್ಕ, ರೂಮಿನ ಲೆಕ್ಕ ಬೇರೆ ಬೇರೆ ಮಾಡಿಸಿ ನೋಡಿ.

ಹಂತ 4: ಮೂರು ವರ್ಷಗಳ ಲೆಕ್ಕ: ಒಳ್ಳೆಯದು, ಸಾಮಾನ್ಯ, ಕೆಟ್ಟದ್ದು

ಪೆನ್ನು, ಕಾಗದ ತಗೊಳ್ಳಿ. 24 ರೂಮಿನ ಒಂದು ಲಾಡ್ಜ್ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 8,760 ರೂಮ್-ರಾತ್ರಿಗಳು. ಸಂಬಳ, ಕಂದಾಯ, ಕರೆಂಟಿನ ನಿಗದಿತ ಭಾಗ, ರಿಪೇರಿ ಸೇರಿ ಗಿರಾಕಿ ಬಂದರೂ ಬಾರದಿದ್ದರೂ ತಪ್ಪದ ಖರ್ಚು 30 ಲಕ್ಷ. ರೂಮ್ ಒಂದು ರಾತ್ರಿ ಹೋದರೆ ಸೋಪು, ನೀರು, ಲಾಂಡ್ರಿ, ಕಮಿಷನ್ ಸೇರಿ 350 ರೂಪಾಯಿ ಖರ್ಚು.

ಒಳ್ಳೆಯ ವರ್ಷದಲ್ಲಿ 65% ತುಂಬಿ ಸರಾಸರಿ 1,800 ಸಿಕ್ಕಿದರೆ ಆದಾಯ ಸುಮಾರು 1.02 ಕೋಟಿ, ಖರ್ಚು ಕಳೆದು ಉಳಿಯುವುದು 52 ಲಕ್ಷ. ಸಾಮಾನ್ಯ ವರ್ಷದಲ್ಲಿ 55%, 1,600 ರೂಪಾಯಿ. ಆದಾಯ 77 ಲಕ್ಷ, ಉಳಿಯುವುದು 30 ಲಕ್ಷ. ಕೆಟ್ಟ ವರ್ಷದಲ್ಲಿ 30%, 1,300 ರೂಪಾಯಿ. ಆದಾಯ 34 ಲಕ್ಷ, ಖರ್ಚು 39 ಲಕ್ಷ, ಅಂದರೆ ಕೈಯಿಂದ 5 ಲಕ್ಷ ಹಾಕಬೇಕು.

ಇನ್ನೊಮ್ಮೆ ನೋಡಿ. ಒಳ್ಳೆಯ ವರ್ಷಕ್ಕಿಂತ ಸಾಮಾನ್ಯ ವರ್ಷದ ಆದಾಯ ಕಾಲುಭಾಗ ಕಡಿಮೆ. ಆದರೆ ಲಾಭ 40%ಗಿಂತ ಜಾಸ್ತಿ ಬಿತ್ತು. ತಪ್ಪದ ಖರ್ಚು ಇರುವ ಎಲ್ಲ ವ್ಯಾಪಾರದ ಗುಣ ಇದು. ಏರುವಾಗಲೂ ಇದೇ ಗುಣ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಈಗ ಬೆಲೆ. ಮಾರುವವರು 52 ಲಕ್ಷದ ಲಾಭ ತೋರಿಸಿ, ಹಾಕಿದ ಹಣಕ್ಕೆ ವರ್ಷಕ್ಕೆ 10% ಹುಟ್ಟುವಳಿ ಎಂಬ ಲೆಕ್ಕದಲ್ಲಿ 5.2 ಕೋಟಿ ಕೇಳುತ್ತಾರೆ. ನೀವು ಸಾಮಾನ್ಯ ವರ್ಷದ 30 ಲಕ್ಷ ಹಿಡಿಯಿರಿ. ಅದರಲ್ಲಿ ಹಾಸಿಗೆ, ಟಿವಿ, ಎಸಿ, ಬಣ್ಣ ಬದಲಾಯಿಸಲು ವರ್ಷಕ್ಕೆ 3 ಲಕ್ಷ ತೆಗೆದಿಡಿ. 27 ಲಕ್ಷ ಉಳಿಯಿತು. ಅದೇ 10%ಗೆ ಬೆಲೆ 2.7 ಕೋಟಿ. ಒಂದೇ ಕಟ್ಟಡಕ್ಕೆ ಎರಡು ಬೆಲೆ! ಜಾಗದ ಬೆಲೆಯೇ ಇದಕ್ಕಿಂತ ಜಾಸ್ತಿ ಎಂದು ಮಾರುವವರು ಹೇಳಬಹುದು. ನಿಜವೂ ಇರಬಹುದು. ಆಗ ನೀವು ಕೊಳ್ಳುತ್ತಿರುವುದು ಸೈಟು, ಲಾಡ್ಜ್ ಅಲ್ಲ. ಸೈಟಿನ ಲೆಕ್ಕದಲ್ಲೇ ಯೋಚಿಸಿ.

ಬೆಲೆಯ ಮೇಲೆ ನೋಂದಣಿ ಖರ್ಚು ಸೇರಿಸಲು ಮರೆಯಬೇಡಿ. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ 1%ರಿಂದ 2%ಗೆ ಏರಿದೆ. ಸ್ಟಾಂಪ್ ಡ್ಯೂಟಿ, ಸೆಸ್, ಸರ್ಚಾರ್ಜ್ ಸೇರಿದರೆ 7.6%ರ ಆಸುಪಾಸು ಆಗುತ್ತದೆ. ಜಿಎಸ್‌ಟಿಯೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ 5% ತೆರಿಗೆ. ಗಿರಾಕಿಗೆ ಅನುಕೂಲ. ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಎಸಿ, ಹಾಸಿಗೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ ಪೂರ್ತಿ ನಿಮ್ಮ ಖರ್ಚೇ. ಹಳೆಯ ಲೆಕ್ಕದ ಹಾಳೆ ತೋರಿಸಿದರೆ ಇದನ್ನು ತಿದ್ದಿಕೊಳ್ಳಿ.

ಹಂತ 5: ಸಾಲ

ನನ್ನ ಪ್ರಕಾರ ಇಡೀ ಬರಹದಲ್ಲಿ ಮುಖ್ಯವಾದ ಭಾಗ ಇದು.

2.7 ಕೋಟಿಗೆ ಕೊಂಡು ಅರ್ಧ, ಅಂದರೆ 1.35 ಕೋಟಿ, ಸಾಲ ಮಾಡಿದಿರಿ ಎನ್ನಿ. 10% ಬಡ್ಡಿ, 15 ವರ್ಷ. ತಿಂಗಳ ಕಂತು ಸುಮಾರು 1.45 ಲಕ್ಷ, ವರ್ಷಕ್ಕೆ 17.4 ಲಕ್ಷ. ಸಾಮಾನ್ಯ ವರ್ಷದ 27 ಲಕ್ಷದಲ್ಲಿ ಕಂತು ಕಟ್ಟಿ ಇನ್ನೂ ಉಳಿಯುತ್ತದೆ. ಕೆಟ್ಟ ವರ್ಷದಲ್ಲಿ 5 ಲಕ್ಷದ ನಷ್ಟ ಸೇರಿ 22 ಲಕ್ಷ ಹೊರಗಿನಿಂದ ತರಬೇಕು. ಹಾಗಾಗಿ ಹದಿನೆಂಟು ತಿಂಗಳಿಗೆ ಆಗುವಷ್ಟು, ಸುಮಾರು 33 ಲಕ್ಷವನ್ನು ಎಫ್‌ಡಿಯಲ್ಲಿ ಇಟ್ಟೇ ಕೊಳ್ಳಬೇಕು. ಆ ಹಣ ಇಲ್ಲವಾದರೆ ಇನ್ನೂ ಚಿಕ್ಕ ಲಾಡ್ಜ್ ನೋಡಿ.

ಅದೇ ಲಾಡ್ಜನ್ನು ಮಾರುವವರು ಕೇಳಿದ 5.2 ಕೋಟಿಗೆ ಕೊಂಡು ಮುಕ್ಕಾಲು ಭಾಗ ಸಾಲ ಮಾಡಿದರೆ ವರ್ಷದ ಕಂತು 50 ಲಕ್ಷ ದಾಟುತ್ತದೆ. ಒಳ್ಳೆಯ ವರ್ಷದ ಲಾಭ 52 ಲಕ್ಷ. ಉಸಿರಾಡಲೂ ಜಾಗವಿಲ್ಲ.

ದೊಡ್ಡವರಿಗೂ ಇದೇ ನಿಯಮ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಲೀಲಾ ಪ್ಯಾಲೇಸ್ ನೋಡದವರು ಕಡಿಮೆ. ಅದನ್ನು ಕಟ್ಟಿದ ಹೋಟೆಲ್ ಲೀಲಾವೆಂಚರ್ ಸಾಲ ಮಾಡಿ ದೆಹಲಿ, ಚೆನ್ನೈಗಳಲ್ಲೂ ದೊಡ್ಡ ಹೋಟೆಲ್ ಕಟ್ಟಿತು. ಅವು ತೆರೆಯುವ ಹೊತ್ತಿಗೆ ಮಾರುಕಟ್ಟೆ ಮಂಕಾಗಿತ್ತು. ಸಾಲ ತೀರಿಸಲು ಕೋವಳಂ, ಗೋವಾದ ಹೋಟೆಲ್‌ಗಳನ್ನು ಮಾರಿದರು. 2019ರಲ್ಲಿ ಬೆಂಗಳೂರು, ಚೆನ್ನೈ, ದೆಹಲಿ, ಉದಯಪುರದ ಹೋಟೆಲ್‌ಗಳು 3,950 ಕೋಟಿಗೆ ಕೆನಡಾದ ಹೂಡಿಕೆ ಸಂಸ್ಥೆ ಬ್ರೂಕ್‌ಫೀಲ್ಡ್ ಪಾಲಾದವು. ಮುಂದಿನ ವರ್ಷವೇ ಕೋವಿಡ್. ಕೊಂಡವರಿಗೂ ಅದು ಕೆಟ್ಟ ಕಾಲವೇ. ಆದರೆ ಕಾಯುವ ಶಕ್ತಿ ಇತ್ತು. 2025ರಲ್ಲಿ ‘ಶ್ಲಾಸ್ ಬೆಂಗಳೂರು’ ಹೆಸರಿನಲ್ಲಿ ಅದೇ ಹೋಟೆಲ್‌ಗಳು 3,500 ಕೋಟಿಯ ಐಪಿಒಗೆ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಲು, ಬಂದವು. ಕಟ್ಟಿದವರ ಹೋಟೆಲ್‌ಗಳಲ್ಲಿ ಕೊರತೆ ಇರಲಿಲ್ಲ. ಸಾಲದ ಗಡಿಯಾರ ಮಾರುಕಟ್ಟೆಯ ಗಡಿಯಾರಕ್ಕಿಂತ ಬೇಗ ಓಡಿತು, ಅಷ್ಟೇ.

ಬ್ಯಾಂಕಿನವರ ಹತ್ತಿರ ಮಾತಾಡುವಾಗ ಬಡ್ಡಿ ಕಾಲು ಪರ್ಸೆಂಟ್ ಇಳಿಸಲು ಹೋರಾಡುವುದಕ್ಕಿಂತ ಅವಧಿ ಉದ್ದ ಮಾಡಿಸಲು ಹೋರಾಡಿ. ಅವಧಿಗೆ ಮುಂಚೆ ತೀರಿಸಿದರೆ ಎಷ್ಟು ದಂಡ ಎಂದು ಬರೆಸಿಕೊಳ್ಳಿ. ಸ್ವಂತ ಮನೆಯನ್ನು ಅಡಮಾನ ಇಡಬೇಡಿ.

ಹಂತ 6: ಕಾಗದ ಪತ್ರ

ಮೂವತ್ತು ವರ್ಷದ ಋಣಭಾರ ಪತ್ರ, ಖಾತಾ, ವಾಣಿಜ್ಯ ಉದ್ದೇಶದ ಭೂ ಪರಿವರ್ತನೆ, ಮಂಜೂರಾದ ನಕ್ಷೆ, ಟ್ರೇಡ್ ಲೈಸೆನ್ಸ್, ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ. ವಕೀಲರು ಇವನ್ನು ನೋಡುತ್ತಾರೆ. ನೀವು ಮಾಡಬೇಕಾದ ಕೆಲಸ ಒಂದು: ನಕ್ಷೆ ಹಿಡಿದು ಕಟ್ಟಡದಲ್ಲಿ ಓಡಾಡಿ ರೂಮ್ ಎಣಿಸಿ. ನಕ್ಷೆಯಲ್ಲಿ 18, ಕಣ್ಣೆದುರು 24 ಇದ್ದರೆ ಹೆಚ್ಚುವರಿ ಆರು ರೂಮಿಗೆ ಬೆಲೆ ಇಲ್ಲ.

ಕಾಗದ ಗಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಹಂಪಿ ಎದುರಿನ ವಿರೂಪಾಪುರ ಗಡ್ಡೆ ತೋರಿಸಿದೆ. ತುಂಗಭದ್ರೆಯ ಆ ದಡದ ರೆಸಾರ್ಟ್‌ಗಳು ವರ್ಷಗಟ್ಟಲೆ ತುಂಬಿ ನಡೆದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶ ಎತ್ತಿಹಿಡಿಯಿತು. ಮುಂದಿನ ತಿಂಗಳೇ ಜೆಸಿಬಿ ಬಂತು. ನದಿ, ಸಮುದ್ರ, ಕಾಡು, ಪಾರಂಪರಿಕ ತಾಣ ಹತ್ತಿರವಿದ್ದರೆ ಎರಡು ಪಟ್ಟು ಎಚ್ಚರ ಬೇಕು.

ಹಂತ 7: ಯಾರು ನಡೆಸುತ್ತಾರೆ?

ನೀವೇ ನಡೆಸುವುದಾದರೆ ಇದು ಹೂಡಿಕೆ ಅಲ್ಲ, ಉದ್ಯೋಗ. ರಾತ್ರಿ ಎರಡು ಗಂಟೆಗೆ ನೀರು ಬರಲಿಲ್ಲ ಎಂದು ಫೋನ್ ಬರುತ್ತದೆ. ಅದಕ್ಕೆ ಸಿದ್ಧರಿದ್ದರೆ ಲಾಭ ಜಾಸ್ತಿ.

ಲೀಸ್‌ಗೆ ಕೊಡುವುದಾದರೆ ಕನಿಷ್ಠ ಬಾಡಿಗೆ ಮತ್ತು ಆದಾಯದಲ್ಲಿ ಪಾಲು ಎರಡೂ ಇರುವ ಕರಾರು ಮಾಡಿಕೊಳ್ಳಿ. ‘ಊಹಿಸಲಾಗದ ಪರಿಸ್ಥಿತಿ’ ಎಂಬ ಕಲಮನ್ನು ಎರಡು ಸಲ ಓದಿ. 2020ರಲ್ಲಿ ಲೀಸ್‌ದಾರರು ಇದನ್ನೇ ಹಿಡಿದು ಬಾಡಿಗೆ ನಿಲ್ಲಿಸಿದ ಕಡೆ ಮಾಲೀಕರು ಒದ್ದಾಡಿದರು. ಅಂಥ ಹೊತ್ತಿನಲ್ಲಿ ಬಾಡಿಗೆ ಅರ್ಧಕ್ಕೆ ಇಳಿಯುತ್ತದೋ, ಪೂರ್ತಿ ನಿಲ್ಲುತ್ತದೋ, ಎಷ್ಟು ತಿಂಗಳು ಎಂದು ಈಗಲೇ ಬರೆಸಿ. ‘ಒಂದು ರೂಮ್ ಕೊಳ್ಳಿ, ತಿಂಗಳಿಗೆ ಗ್ಯಾರಂಟಿ ಆದಾಯ’ ಎನ್ನುವ ಜಾಹೀರಾತುಗಳಿಂದ ದೂರ ಇರಿ. ಗ್ಯಾರಂಟಿ ಕೊಡುವವರ ಕೈಯಲ್ಲಿ ಕೆಟ್ಟ ವರ್ಷಕ್ಕೆ ಹಣ ಇದೆಯೇ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಕಟ್ಟಡವೇ ಬೇಡ ಅನಿಸಿದರೆ ಷೇರು ಇದೆ. ಅಲ್ಲೂ ಒಂದು ವ್ಯತ್ಯಾಸ ನೋಡಿ. ಶಾಲೆ ಹೋಟೆಲ್ಸ್ (Chalet), ಸಮ್ಹಿ (SAMHI), ಜುನಿಪರ್‌ನಂಥ ಕಂಪನಿಗಳು ಮುಖ್ಯವಾಗಿ ಕಟ್ಟಡದ ಮಾಲೀಕರು. ಬೋರ್ಡು ಮ್ಯಾರಿಯಟ್, ಹಯಾತ್‌ನಂಥ ಬ್ರ್ಯಾಂಡ್‌ಗಳದು. ತಾಜ್ ನಡೆಸುವ ಇಂಡಿಯನ್ ಹೋಟೆಲ್ಸ್ ಸ್ವಂತ ಹೋಟೆಲ್‌ಗಳ ಜೊತೆ ಬೇರೆಯವರ ಕಟ್ಟಡವನ್ನೂ ನಡೆಸಿ ಶುಲ್ಕ ಪಡೆಯುತ್ತದೆ. ಮೊದಲನೆಯವು ಜೋರಾಗಿ ಏರಿ ಜೋರಾಗಿ ಇಳಿಯುತ್ತವೆ. 2021ರಲ್ಲಿ ಇಂಡಿಯನ್ ಹೋಟೆಲ್ಸ್ ಕೂಡ ರೈಟ್ಸ್ ಇಶ್ಯೂ ಮಾಡಿ ಷೇರುದಾರರಿಂದ ಹಣ ಕೇಳಿತ್ತು. ಆಗ ಹಾಕಲು ಕೈಯಲ್ಲಿ ಹಣ ಇದ್ದವರಿಗೆ ಒಳ್ಳೆಯದಾಯಿತು.

ಹಂತ 8: ಕೆಟ್ಟ ಕಾಲ ಬಂದಾಗ

ಮೊದಲ ವಾರವೇ ಬ್ಯಾಂಕಿಗೆ ಹೋಗಿ, ಕಂತು ತಪ್ಪಿದ ಮೇಲೆ ಅಲ್ಲ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಮಾರಟೋರಿಯಂ, ಅಂದರೆ ಕಂತು ಮುಂದೂಡುವ ಅವಕಾಶ, ಕೊಟ್ಟಿತು. ಆಮೇಲೆ ರಿಸರ್ವ್ ಬ್ಯಾಂಕ್ ನೇಮಿಸಿದ ಕೆ.ವಿ. ಕಾಮತ್ ಸಮಿತಿ ಸಾಲ ಮರುಹೊಂದಾಣಿಕೆಗೆ ಗುರುತಿಸಿದ 26 ವಲಯಗಳಲ್ಲಿ ಹೋಟೆಲ್ ಕೂಡ ಇತ್ತು. ಅದರ ಲಾಭ ಸಿಕ್ಕಿದ್ದು ಕೋವಿಡ್ ಬರುವವರೆಗೆ ಸರಿಯಾಗಿ ಕಂತು ಕಟ್ಟಿದವರಿಗೆ. ಮಾರಟೋರಿಯಂನಲ್ಲಿ ಬಡ್ಡಿ ನಿಲ್ಲುವುದಿಲ್ಲ, ಅಸಲಿಗೆ ಸೇರುತ್ತದೆ ಎನ್ನುವುದೂ ನೆನಪಿರಲಿ.

ದರವನ್ನು ಬೇಕಾಬಿಟ್ಟಿ ಇಳಿಸಬೇಡಿ. ಒಮ್ಮೆ 700ಕ್ಕೆ ಬಂದ ಗಿರಾಕಿಗೆ 1,500 ಹೇಳುವುದು ಕಷ್ಟ. ಬೋರ್ಡಿನ ದರ ಹಾಗೇ ಇಟ್ಟು ತಿಂಗಳ ಲೆಕ್ಕದ ಗಿರಾಕಿಗಳನ್ನು ಹುಡುಕಿ: ಆಸ್ಪತ್ರೆಗೆ ಬಂದ ಕುಟುಂಬ, ಕಾಮಗಾರಿಯ ಎಂಜಿನಿಯರ್‌ಗಳು, ತರಬೇತಿಗೆ ಬಂದವರು. ಒಂದು ಮಹಡಿ ಪೂರ್ತಿ ಮುಚ್ಚಿ ಕರೆಂಟ್ ಉಳಿಸಿ. ಆದರೆ ಮೂರು ದಿನಕ್ಕೊಮ್ಮೆ ಕಿಟಕಿ ತೆಗೆಸಿ, ನಲ್ಲಿ ಬಿಡಿಸಿ, ಹಾಸಿಗೆ ಎತ್ತಿ ನಿಲ್ಲಿಸಿ. ಹತ್ತು ವರ್ಷ ಜೊತೆಗಿರುವ ರೂಮ್ ಬಾಯ್, ಹೌಸ್‌ಕೀಪಿಂಗ್ ಅಕ್ಕನಿಗೆ ಅರ್ಧ ಸಂಬಳವಾದರೂ ಕೊಟ್ಟು ಉಳಿಸಿಕೊಳ್ಳಿ. 2021ರಲ್ಲಿ ಜನ ವಾಪಸ್ ಬಂದಾಗ ಕೆಲಸದವರಿಲ್ಲದೆ ಎಷ್ಟೋ ಕಡೆ ರೂಮ್ ಖಾಲಿ ಇಡಬೇಕಾಯಿತು.

ಕೈಯಲ್ಲಿ ಹಣ ಇದ್ದರೆ ಕೊಳ್ಳುವ ಕಾಲವೂ ಇದೇ. ಮೊದಲ ಮೂರು ತಿಂಗಳು ಯಾರೂ ಬೆಲೆ ಇಳಿಸುವುದಿಲ್ಲ. ಒಂದು ವರ್ಷ ಕಳೆದ ಮೇಲೆ ಫೋನ್ ಬರಲು ಶುರುವಾಗುತ್ತದೆ.

ಹಂತ 9: ಚೇತರಿಕೆ ಬಂದಾಗ

ಎಲ್ಲ ಕಡೆ ಒಟ್ಟಿಗೆ ಬರುವುದಿಲ್ಲ. ಕೋವಿಡ್ ಆದ ಮೇಲೆ ಬೆಂಗಳೂರಿನಿಂದ ಕಾರಿನಲ್ಲಿ ಹೋಗಬಹುದಾದ ಸಕಲೇಶಪುರ, ಚಿಕ್ಕಮಗಳೂರು, ಕೊಡಗು ಮೊದಲು ತುಂಬಿದವು. ಐಟಿಯವರು ಮನೆಯಿಂದ ಕೆಲಸ ಮಾಡುತ್ತಿದ್ದರಿಂದ ಬೆಂಗಳೂರಿನ ಕಂಪನಿ ಗಿರಾಕಿಗಳ ಹೋಟೆಲ್‌ಗಳು ಕಾಯಬೇಕಾಯಿತು.

ಸಾಮಾನ್ಯವಾಗಿ ಮೊದಲು ವಾರಾಂತ್ಯ ತುಂಬುತ್ತದೆ. ಆಮೇಲೆ ವಾರದ ಮಧ್ಯ. ಕೊನೆಗೆ ದರ ಏರುತ್ತದೆ. ಮಂಗಳವಾರ, ಬುಧವಾರ 60% ದಾಟಿದ ತಿಂಗಳು ದರ ಏರಿಸಿ, ಒಮ್ಮೆಗೆ ನೂರು ರೂಪಾಯಿ. ಏರಿದ ಹಣದಲ್ಲಿ ಮೊದಲು ಎಫ್‌ಡಿ ತುಂಬಿಸಿ, ಆಮೇಲೆ ಸಾಲ ಇಳಿಸಿ, ಆಮೇಲೆ ಬಾತ್‌ರೂಮ್ ಹೊಸದು ಮಾಡಿಸಿ. ಗಿರಾಕಿ ಲಾಬಿಯ ಗ್ರಾನೈಟ್ ಮರೆಯುತ್ತಾನೆ, ಬಾತ್‌ರೂಮ್ ಮರೆಯುವುದಿಲ್ಲ.

ಮಾರುವ ಯೋಚನೆ ಇದ್ದರೆ, ಊರಿನಲ್ಲಿ ಹೊಸ ಲಾಡ್ಜ್‌ಗಳ ಅಡಿಪಾಯ ಏಳತೊಡಗಿದಾಗ ಮಾತು ಶುರು ಮಾಡಿ. ಅವು ತೆರೆಯಲು ಇನ್ನೂ ಎರಡು ಮೂರು ವರ್ಷ ಇರುತ್ತದೆ, ಕೊಳ್ಳುವವರ ಉತ್ಸಾಹ ಮಾತ್ರ ಆಗಲೇ ಇರುತ್ತದೆ. ಮೊದಲು ಆಡಿಟರ್ ಹತ್ತಿರ ಕೂತು ತೆರಿಗೆ ಲೆಕ್ಕ ಮಾಡಿಸಿ. ಕಟ್ಟಡದ ಮೇಲೆ ವರ್ಷ ವರ್ಷ ಸವಕಳಿ ತೋರಿಸಿದ್ದರೆ ಅದರ ಲಾಭವನ್ನು ಅಲ್ಪಾವಧಿಯದೆಂದೇ ಹಿಡಿಯುತ್ತಾರೆ. ಜಾಗದ ಲೆಕ್ಕ ಬೇರೆ. ಕ್ರಯಪತ್ರದಲ್ಲಿ ಎರಡರ ಬೆಲೆ ಬೇರೆ ಬೇರೆ ಬರೆಸುವುದು ಒಳ್ಳೆಯದು.

ಕೊಳ್ಳಲು ಬಂದವರ ಮುಂದೆ ಐದು ವರ್ಷದ ಲೆಕ್ಕ ಇಡಿ, ಕೆಟ್ಟ ವರ್ಷವೂ ಸೇರಿ. ಧೋಬಿಯ ಫೋನ್ ನಂಬರನ್ನೂ ಕೊಡಿ.